ಏಳು ಚಿಕ್ಕ ಕೂಗು, ಒಂದು ಉದ್ದ ಕೂಗು: ಕ್ರೂಸ್ ಹಡಗಿನ ಹಾಜರಿ ಲೆಕ್ಕ

ರಸ್ತೆ ಕೆಲಸ, ಕೆರೆ ಹೂಳೆತ್ತುವ ಕೆಲಸ ಕಂಡವರಿಗೆಲ್ಲ ‘ಮಸ್ಟರ್ ರೋಲ್’ ಗೊತ್ತು. ಇವತ್ತು ಯಾರು ಬಂದರು, ಯಾರು ಬರಲಿಲ್ಲ ಎಂದು ಬರೆದಿಡುವ ಹಾಜರಿ ಪಟ್ಟಿ ಅದು. ಕ್ರೂಸ್ ಹಡಗಿನ ‘ಮಸ್ಟರ್ ಡ್ರಿಲ್’ನಲ್ಲಿ ಇರುವುದೂ ಅದೇ ಮಸ್ಟರ್, ಅರ್ಥವೂ ಹೆಚ್ಚುಕಡಿಮೆ ಅದೇ. ಹಡಗು ಹತ್ತಿದ ಮೊದಲ ದಿನ ಪ್ರಯಾಣಿಕರನ್ನು ಒಂದು ಜಾಗಕ್ಕೆ ಕರೆಯುತ್ತಾರಲ್ಲ, ಅದನ್ನು ಲೈಫ್‌ಬೋಟ್ ಹತ್ತುವ ತಾಲೀಮು ಎಂದುಕೊಳ್ಳುವವರೇ ಹೆಚ್ಚು. ಆ ದಿನ ಯಾರನ್ನೂ ದೋಣಿಗೆ ಹತ್ತಿಸುವುದಿಲ್ಲ, ನೀರಿಗೆ ಇಳಿಸುವುದಂತೂ ದೂರದ ಮಾತು. ಅಲ್ಲಿ ನಡೆಯುವುದು ಹಾಜರಿ. ಅಪಾಯದ ಹೊತ್ತಿನಲ್ಲಿ ಪ್ರತಿಯೊಬ್ಬರೂ ತಮ್ಮ ಜಾಗಕ್ಕೆ ತಾವೇ ಬಂದು ಎಣಿಕೆಗೆ ಸಿಗಬೇಕು. ಅದನ್ನು ಕಲಿಸುವುದಕ್ಕೇ ಈ ಕಸರತ್ತು.

ಎಣಿಕೆಗೆ ಇಷ್ಟು ಬೆಲೆ ಯಾಕೆ? ಹಡಗಿನಲ್ಲಿ 3,000 ಜನ ಇದ್ದಾರೆ, ಕೆಳಗಿನ ಡೆಕ್ಕಿನಲ್ಲಿ, ಅಂದರೆ ಅಂತಸ್ತಿನಲ್ಲಿ, ಬೆಂಕಿ ಎಂದಿಟ್ಟುಕೊಳ್ಳಿ. 2,999 ಜನ ಸಿಕ್ಕರು, ಒಬ್ಬರು ಇಲ್ಲ. ಆ ಒಬ್ಬರು ಬಾರಿನಲ್ಲಿ ಕೂತು ‘ಇದೆಲ್ಲ ಸುಮ್ಮನೆ’ ಎಂದು ಫೋನ್ ನೋಡುತ್ತಿರಬಹುದು, ಹೊಗೆ ತುಂಬಿದ ಕ್ಯಾಬಿನ್ನಿನಲ್ಲಿ ಪ್ರಜ್ಞೆ ತಪ್ಪಿಯೂ ಬಿದ್ದಿರಬಹುದು. ಯಾವುದು ನಿಜ ಎಂದು ಮೇಲೆ ಹಡಗು ನಡೆಸುವ ಕೋಣೆಯಾದ ಬ್ರಿಡ್ಜ್‌ನಲ್ಲಿ ಇರುವ ಕ್ಯಾಪ್ಟನ್‌ಗೆ ತಿಳಿಯುವುದಿಲ್ಲ. ಹಾಗಾಗಿ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡ ಸಿಬ್ಬಂದಿಯನ್ನು ಹೊಗೆಯೊಳಗೆ ಹುಡುಕಲು ಕಳಿಸಬೇಕಾಗುತ್ತದೆ. ಬಾರದೆ ಉಳಿದವರು ಪಣಕ್ಕಿಡುವುದು ತಮ್ಮ ಜೀವವೊಂದನ್ನೇ ಅಲ್ಲ.

ನಿಯಮಗಳ ಲೆಕ್ಕಾಚಾರವೂ ಇದರ ಮೇಲೇ ನಿಂತಿದೆ. ಜನರೆಲ್ಲ ಸೇರಿ, ಲೈಫ್ ಜಾಕೆಟ್ ತೊಟ್ಟು ನಿಂತ ಮೇಲೆ, ಹಡಗು ಬಿಟ್ಟು ಇಳಿಯುವ ಆದೇಶ ಬಂದ ಹೊತ್ತಿನಿಂದ 30 ನಿಮಿಷದೊಳಗೆ ಎಲ್ಲ ದೋಣಿಗಳೂ ತುಂಬಿ ನೀರಿಗಿಳಿಯುವಂತಿರಬೇಕು ಎಂಬುದು ಅಂತಾರಾಷ್ಟ್ರೀಯ ನಿಯಮ. ‘ಸೇರಿ, ತೊಟ್ಟು ನಿಂತ ಮೇಲೆ’ ಎಂಬ ಮಾತನ್ನು ಗಮನಿಸಿ. ಆ ಅರ್ಧ ಗಂಟೆಯನ್ನು ತರಬೇತಾದ ಸಿಬ್ಬಂದಿ ನೋಡಿಕೊಳ್ಳುತ್ತಾರೆ. ಅದಕ್ಕೂ ಮುಂಚಿನ ಸೇರುವ ಹೊತ್ತು ಮಾತ್ರ ಪ್ರಯಾಣಿಕರ ಕೈಯಲ್ಲಿದೆ, ಎಷ್ಟು ಬೇಕಾದರೂ ಹಿಗ್ಗುವುದು ಅದೇ.

ಜಿಲಿಯೊ ದ್ವೀಪದ ರಾತ್ರಿ

2012ರ ಜನವರಿ 13ರ ರಾತ್ರಿ 9:45ಕ್ಕೆ ಇಟಲಿಯ ಜಿಲಿಯೊ ದ್ವೀಪದ ಬಳಿ ‘ಕೋಸ್ಟಾ ಕಾಂಕಾರ್ಡಿಯಾ’ ಹಡಗು ಬಂಡೆಗೆ ಉಜ್ಜಿತು. ಒಳಗಿದ್ದವರು 4,229 ಜನ. ಎಡಮಗ್ಗುಲಲ್ಲಿ 53 ಮೀಟರ್ ಉದ್ದಕ್ಕೆ ಸೀಳು ಬಿದ್ದು, ಎಂಜಿನ್ ಕೋಣೆಗಳಿಗೆ ನೀರು ನುಗ್ಗಿ ಕರೆಂಟ್ ಹೋಯಿತು. ಪ್ರಯಾಣಿಕರಿಗೆ ಸಿಕ್ಕ ಉತ್ತರ, ವಿದ್ಯುತ್ ತೊಂದರೆ, ಸರಿಹೋಗುತ್ತದೆ ಎಂದು. ಎಲ್ಲರನ್ನೂ ಸೇರಿಸುವ ಅಪಾಯ ಸಂಕೇತ ಮೊಳಗಿದ್ದು 10:33ಕ್ಕೆ, ಅಂದರೆ ಬಂಡೆ ತಾಗಿ 48 ನಿಮಿಷಗಳ ಬಳಿಕ. ಹಡಗು ಬಿಡಿ ಎಂಬ ಆದೇಶ ಬಂದಾಗ 10:54. ಅಷ್ಟರಲ್ಲಿ ಹಡಗು ಬಲಕ್ಕೆ ವಾಲಿ, ಮೇಲಕ್ಕೆದ್ದ ಎಡಮಗ್ಗುಲಿನ ದೋಣಿಗಳು ಹಡಗಿನ ಮೈಗೇ ಉಜ್ಜುತ್ತ ಇಳಿಯಬೇಕಾಯಿತು. 32 ಜನ ತೀರಿಕೊಂಡರು.

ಆ ಸಂಜೆಯಷ್ಟೇ ಚಿವಿತಾವೆಕ್ಕಿಯಾ ಬಂದರಿನಲ್ಲಿ ಸುಮಾರು 700 ಜನ ಆ ಹಡಗು ಹತ್ತಿದ್ದರು. ಅವರ ಡ್ರಿಲ್ ಮರುದಿನಕ್ಕೆ ಇತ್ತು. ಅದು ಕಾನೂನು ಮೀರಿದ್ದೂ ಆಗಿರಲಿಲ್ಲ: ಹತ್ತಿದ 24 ಗಂಟೆಯೊಳಗೆ ಡ್ರಿಲ್ ನಡೆದರೆ ಸಾಕು ಎಂದು ಆಗಿನ ನಿಯಮವೇ ಹೇಳುತ್ತಿತ್ತು. ಅಪಾಯ 24 ಗಂಟೆ ಕಾಯಲಿಲ್ಲ. ಇದಾದ ಮೇಲೆ ನಿಯಮ ಬದಲಾಯಿತು. 2015ರ ಜನವರಿ 1ರಿಂದ ಹಡಗು ಹೊರಡುವ ಮುನ್ನ ಅಥವಾ ಹೊರಟ ತಕ್ಷಣ ಹೊಸ ಪ್ರಯಾಣಿಕರ ಮಸ್ಟರ್ ಆಗಲೇಬೇಕು. ನೀವು ಸೂಟ್‌ಕೇಸ್ ಬಿಚ್ಚುವ ಮೊದಲೇ ಡ್ರಿಲ್‌ಗೆ ಕರೆಯುತ್ತಾರೆ ಎಂದರೆ ಅದರ ಹಿಂದೆ ಈ ರಾತ್ರಿ ಇದೆ.

ಸಮುದ್ರ ಸುರಕ್ಷತೆಯ ಈ ಅಂತಾರಾಷ್ಟ್ರೀಯ ಒಪ್ಪಂದಕ್ಕೆ ‘ಸೋಲಾಸ್’ ಎಂದು ಹೆಸರು. ಅದು ಮೊದಲು ಹುಟ್ಟಿದ್ದು 1914ರಲ್ಲಿ, ಟೈಟಾನಿಕ್ ಮುಳುಗಿದ ಎರಡು ವರ್ಷಕ್ಕೆ. ಈಗ ನಡೆಯುತ್ತಿರುವುದು 1974ರ ಒಪ್ಪಂದ. ಟೈಟಾನಿಕ್‌ನಲ್ಲಿ ದೋಣಿಗಳು ಸಾಲದಿದ್ದದ್ದು ಎಲ್ಲರಿಗೂ ಗೊತ್ತು; ಇದ್ದ ದೋಣಿಗಳೂ ತುಂಬಲಿಲ್ಲ ಎನ್ನುವುದು ಅಷ್ಟು ಗೊತ್ತಿಲ್ಲ. 65 ಜನ ಹಿಡಿಯುವ ಮೊದಲ ದೋಣಿ 30 ಜನರೂ ಇಲ್ಲದೆ ಇಳಿಯಿತು. ಎಲ್ಲಿ ಸೇರಬೇಕು, ಯಾವ ದೋಣಿ ಯಾರದು ಎಂದು ಪ್ರಯಾಣಿಕರಿಗೆ ಯಾರೂ ಮೊದಲೇ ತೋರಿಸಿರಲಿಲ್ಲ.

ಕೂಗು ಕೇಳಿದಾಗ

ಸಂಕೇತ ಜಗತ್ತಿನ ಎಲ್ಲ ಪ್ರಯಾಣಿಕ ಹಡಗುಗಳಲ್ಲೂ ಒಂದೇ: ಏಳು ಅಥವಾ ಹೆಚ್ಚು ಚಿಕ್ಕ ಕೂಗು, ಕೊನೆಗೆ ಒಂದು ಉದ್ದ ಕೂಗು. ಹಡಗಿನ ಸೈರನ್ನಿನಲ್ಲೂ ಒಳಗಿನ ಗಂಟೆಗಳಲ್ಲೂ ಇದೇ ಬರುತ್ತದೆ. ಇದರ ಅರ್ಥ ‘ಮಸ್ಟರ್ ಸ್ಟೇಷನ್ನಿಗೆ ಬನ್ನಿ’ ಎಂದಷ್ಟೆ. ಹಡಗು ಬಿಡಿ ಎಂಬ ಆದೇಶ ಬೇರೆ, ಅದನ್ನು ಕ್ಯಾಪ್ಟನ್ ಬಾಯಿಮಾತಿನಲ್ಲಿ ಕೊಡುತ್ತಾರೆ. ಈ ಎರಡನ್ನು ಒಂದೇ ಎಂದುಕೊಂಡವರು ಸಂಕೇತ ಕೇಳಿದ ಕೂಡಲೇ ದೋಣಿಯ ಕಡೆ ಓಡುತ್ತಾರೆ, ಎಣಿಕೆ ಕೆಡುತ್ತದೆ. ಇದಕ್ಕೂ ಮೊದಲು ಧ್ವನಿವರ್ಧಕದಲ್ಲಿ ‘ಬ್ರಾವೊ’, ‘ಆಲ್ಫಾ’, ‘ಆಸ್ಕರ್’ ಎಂಬ ಪದಗಳ ಜತೆ ಒಂದು ಜಾಗದ ಹೆಸರು ಕೇಳಿಸಿದರೆ ಅದು ಸಿಬ್ಬಂದಿಗೆ ಕೊಡುವ ಸೂಚನೆ. ಹಲವು ಕಂಪನಿಗಳಲ್ಲಿ ಇವು ಕ್ರಮವಾಗಿ ಬೆಂಕಿ, ವೈದ್ಯಕೀಯ ತುರ್ತು, ನೀರಿಗೆ ಬಿದ್ದ ಮನುಷ್ಯ ಎಂಬರ್ಥದವು. ಕಂಪನಿ ಬದಲಾದರೆ ಪದವೂ ಬದಲಾಗಬಹುದು. ಆಗ ಪ್ರಯಾಣಿಕರು ಮಾಡಬೇಕಾದದ್ದು ಇಷ್ಟೇ: ಆ ಜಾಗದತ್ತ ನೋಡಲು ಹೋಗದೆ, ದಾರಿ ಬಿಟ್ಟು ನಿಲ್ಲುವುದು.

ಮಸ್ಟರ್ ಸ್ಟೇಷನ್ ಎಂದರೆ ದೋಣಿಯ ಬುಡವೇ ಆಗಬೇಕಿಲ್ಲ. ಊಟದ ಹಾಲ್, ನಾಟಕದ ರಂಗಮಂದಿರ, ಕೆಲವು ಕಡೆ ಹೊರಗಿನ ಡೆಕ್. ನಿಮ್ಮ ಸ್ಟೇಷನ್ನಿನ ಅಕ್ಷರ ಅಥವಾ ಅಂಕಿ ನಿಮಗೆ ಕೊಡುವ ಹಡಗಿನ ಗುರುತಿನ ಕಾರ್ಡಿನ ಮೇಲಿರುತ್ತದೆ, ಕ್ಯಾಬಿನ್ ಬಾಗಿಲ ಹಿಂದೆಯೂ ನಕ್ಷೆಯೊಂದಿಗೆ ಅಂಟಿಸಿರುತ್ತದೆ.

ಹೋಗುವುದು ಮೆಟ್ಟಿಲಲ್ಲೇ. ಕರೆಂಟ್ ಹೋದರೆ ಲಿಫ್ಟ್ ನಡುವೆ ನಿಂತುಬಿಡುತ್ತದೆ, ಬೆಂಕಿ ಇದ್ದರೆ ಅದರ ಕೊಳವೆ ಹೊಗೆಗೆ ಚಿಮಣಿಯಾಗುತ್ತದೆ. ದಾರಿಯಲ್ಲಿ ದಪ್ಪ ಬೆಂಕಿಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ. ಬಂದಿಯಾದೆವು ಎಂದು ಹೆದರುವುದು ಬೇಡ, ತಳ್ಳಿದರೆ ತೆರೆಯುತ್ತವೆ. ದಾಟಿದ ಮೇಲೆ ಅವು ಮತ್ತೆ ಮುಚ್ಚಲಿ ಬಿಡಿ. ಹಿಂದಿನವರಿಗೆ ಅನುಕೂಲವಾಗಲೆಂದು ಕುರ್ಚಿ ಒತ್ತಿಟ್ಟರೆ ಹೊಗೆಗೂ ಅದೇ ಅನುಕೂಲವಾಗುತ್ತದೆ. ಹೊಗೆ ಮೇಲಕ್ಕೇರುವುದರಿಂದ ದಾರಿ ತೋರುವ ಬೆಳಕಿನ ಪಟ್ಟಿಯನ್ನು ನೆಲದಿಂದ 30 ಸೆಂಟಿಮೀಟರ್ ಒಳಗೆ ಹಾಕಿರುತ್ತಾರೆ. ಬಾಗಿ, ಬೇಕಾದರೆ ಅಂಬೆಗಾಲಿಟ್ಟು, ಅದನ್ನೇ ಹಿಡಿದು ಹೋಗಬೇಕು. ಕಣ್ಣು ಬಿಡಲಾಗದ ಹೊಗೆಯಲ್ಲಿ ಉಳಿಯುವುದು ಕೈ ಮಾತ್ರ. ಅದಕ್ಕೇ ಮೊದಲ ದಿನವೇ ನಿಮ್ಮ ಕ್ಯಾಬಿನ್ನಿನಿಂದ ಎರಡೂ ಬದಿಯ ಮೆಟ್ಟಿಲಿಗೆ ಎಷ್ಟೆಷ್ಟು ಬಾಗಿಲು ಎಂದು ಎಣಿಸಿಟ್ಟುಕೊಳ್ಳಿ. ಇದಕ್ಕೆ ಎರಡು ನಿಮಿಷ ಸಾಕು. ಹಡಗಿನಲ್ಲಿ ನಡೆಯುವ ಅತ್ಯಂತ ಉಪಯೋಗದ ನಡಿಗೆ ಇದು.

ಈಜುಕೊಳದ ಬಳಿ ಇದ್ದಾಗ ಸಂಕೇತ ಕೇಳಿದರೆ ಜಾಕೆಟ್ ತರಲು ಕ್ಯಾಬಿನ್ನಿಗೆ ಹೋಗಬೇಡಿ. ಸ್ಟೇಷನ್ನಿನಲ್ಲೂ ಜಾಕೆಟ್ ಇರುತ್ತವೆ. ಹೊಸ ಹಡಗುಗಳಲ್ಲಂತೂ ಎಲ್ಲವನ್ನೂ ಅಲ್ಲೇ ಇಟ್ಟಿರುವುದುಂಟು. ನಾಲ್ಕು ಸಾವಿರ ಜನ ಇಳಿಯುವ ಮೆಟ್ಟಿಲಲ್ಲಿ ಎದುರಾಗಿ ಹತ್ತುವ ಒಬ್ಬನೇ ಮನುಷ್ಯ ಸಾಲನ್ನೇ ನಿಲ್ಲಿಸುತ್ತಾನೆ. ಅಷ್ಟೇ ಅಲ್ಲ, ಕ್ಯಾಬಿನ್ ನೋಡಿಕೊಳ್ಳುವ ಸಿಬ್ಬಂದಿ ಒಂದೊಂದೇ ಕೋಣೆ ತೆರೆದು, ಖಾಲಿ ಎಂದು ಖಾತ್ರಿ ಮಾಡಿ ಬಾಗಿಲಿಗೆ ಗುರುತು ಹಾಕುತ್ತ ಹೋಗಿರುತ್ತಾರೆ. ಗುರುತು ಬಿದ್ದ ಕೋಣೆಗೆ ನೀವು ಪಾಸ್‌ಪೋರ್ಟ್ ತರಲು ವಾಪಸು ಹೋದರೆ, ಅಲ್ಲಿ ನೀವಿದ್ದೀರಿ ಎಂದು ಯಾರಿಗೂ ತಿಳಿಯುವುದಿಲ್ಲ.

ಮಕ್ಕಳ ಆಟದ ಕೋಣೆಯಲ್ಲಿ ಮಗುವನ್ನು ಬಿಟ್ಟಿದ್ದರೆ? ತಾಯಿತಂದೆ ಓಡುವುದು ಸಹಜ, ಆದರೆ ಮಗುವಿಗೂ ಒಂದು ವ್ಯವಸ್ಥೆ ಇರುತ್ತದೆ. ಕೆಲವು ಹಡಗುಗಳಲ್ಲಿ ಮಗುವಿನ ಕೈಪಟ್ಟಿಯಲ್ಲಿ ಸ್ಟೇಷನ್ ಗುರುತು ಇರುತ್ತದೆ, ಸಿಬ್ಬಂದಿಯೇ ಅಲ್ಲಿಗೆ ಕರೆತರುತ್ತಾರೆ. ನಿಮ್ಮ ಹಡಗಿನ ಪದ್ಧತಿ ಏನು ಎಂದು ಮೊದಲ ದಿನ ಕೇಳಿ, ಇಬ್ಬರೂ ಒಂದೇ ಮಾತಿಗೆ ಬನ್ನಿ. ಮಂಡಿನೋವಿನ ಅಜ್ಜಿ, ಗಾಲಿಕುರ್ಚಿಯ ತಾತ, ಕಿವಿ ಮಂದವಾದವರು ಜತೆಗಿದ್ದರೆ ಮೊದಲೇ ಹೇಳಿಬಿಡಿ. ಸಹಾಯ ಬೇಕೆಂದು ತಿಳಿಸಿದವರ ವಿವರ ಹಡಗು ಹೊರಡುವ ಮುನ್ನ ಕ್ಯಾಪ್ಟನ್ ಕೈ ಸೇರಬೇಕು ಎಂಬ ನಿಯಮವಿದೆ. ಸಂಕೋಚದಿಂದ ಹೇಳದೆ ಉಳಿದರೆ, ಮೆಟ್ಟಿಲಿಳಿಸುವ ಕುರ್ಚಿ ಹೊತ್ತ ಇಬ್ಬರು ಬೇರೆ ಡೆಕ್ಕಿಗೆ ಹೋಗಿರುತ್ತಾರೆ.

ಜಾಕೆಟ್

ಇದು ಮೂರು ಅಳತೆಯಲ್ಲಿ ಬರುತ್ತದೆ: 15 ಕಿಲೋಗಿಂತ ಕಡಿಮೆ ತೂಕದ ಕೂಸುಗಳಿಗೆ, 15ರಿಂದ 43 ಕಿಲೋ ತನಕದ ಮಕ್ಕಳಿಗೆ, ಅದಕ್ಕೆ ಮೇಲ್ಪಟ್ಟವರಿಗೆ. ಕ್ಯಾಬಿನ್ನಿನಲ್ಲಿ ಮಕ್ಕಳದ್ದು ಕಾಣದಿದ್ದರೆ ಆಗಲೇ ಕೇಳಿ ತರಿಸಿಕೊಳ್ಳಿ. ಒಳ್ಳೆಯ ಜಾಕೆಟ್‌ನ ಕೆಲಸ ತೇಲಿಸುವುದಕ್ಕೇ ಮುಗಿಯುವುದಿಲ್ಲ. ಪ್ರಜ್ಞೆ ಇಲ್ಲದೆ ಮುಖ ಕೆಳಗಾಗಿ ಬಿದ್ದವರನ್ನು ಕೆಲವೇ ಸೆಕೆಂಡುಗಳಲ್ಲಿ ತಿರುಗಿಸಿ, ಬಾಯಿ ನೀರಿನಿಂದ ಮೇಲಿರುವಂತೆ ಹಿಡಿಯಬೇಕು. ಕೊರಳಪಟ್ಟಿಯ ಆ ದಪ್ಪ ಫೋಮ್ ಇರುವುದು ಅದಕ್ಕೆ.

ತೊಡುವ ಕ್ರಮ: ತಲೆಯ ಮೇಲಿಂದ ಹಾಕಿಕೊಳ್ಳಿ, ಪಟ್ಟಿಯನ್ನು ಬೆನ್ನ ಹಿಂದಿನಿಂದ ಸುತ್ತಿ ಮುಂದೆ ತಂದು ಬಕಲ್ ಒತ್ತಿ, ಸಡಿಲ ಉಳಿಯದಂತೆ ಎಳೆಯಿರಿ. ಆಮೇಲೆ ಪಕ್ಕದವರಿಗೆ ಭುಜದ ಬಳಿ ಹಿಡಿದು ಮೇಲಕ್ಕೆತ್ತಲು ಹೇಳಿ. ಕಿವಿತನಕ ಏರಿದರೆ ಬಿಗಿ ಸಾಲದು. ಸಡಿಲ ಜಾಕೆಟ್ ಹಾಕಿಕೊಂಡು ಎತ್ತರದಿಂದ ನೀರಿಗೆ ಬಿದ್ದರೆ ಅದು ಮೇಲಕ್ಕೆ ಚಿಮ್ಮಿ ಗದ್ದಕ್ಕೆ, ಕತ್ತಿಗೆ ಬಡಿಯುತ್ತದೆ. ಸೀರೆ ಉಟ್ಟವರು ಸೆರಗನ್ನು ಸುತ್ತಿ ಸೊಂಟಕ್ಕೆ ಸಿಕ್ಕಿಸಿ ಜಾಕೆಟ್ಟಿನ ಒಳಗೆ ಬರುವಂತೆ ನೋಡಿಕೊಳ್ಳಬೇಕು; ದುಪಟ್ಟಾ ತೆಗೆದಿಡುವುದೇ ಲೇಸು. ಡ್ರಿಲ್‌ಗೆ ಜಾಕೆಟ್ ಒಯ್ಯಲು ಹೇಳಿದ್ದರೆ ಪಟ್ಟಿಗಳನ್ನು ಮಡಚಿ ಕಂಕುಳಲ್ಲಿ ಹಿಡಿದು ಹೋಗಿ. ಜೋತು ಬಿದ್ದ ಪಟ್ಟಿ ಹಿಂದಿನವರ ಕಾಲಿಗೆ ಸಿಕ್ಕಿ ಮೆಟ್ಟಿಲಲ್ಲಿ ಬೀಳಿಸುತ್ತದೆ. ಜಾಕೆಟ್ಟಿಗೆ ಕಟ್ಟಿರುವ ಸೀಟಿಯನ್ನು ಊದಿ ನೋಡುವುದು ಬೇಡ. ಆ ಗದ್ದಲದಲ್ಲಿ ಸೂಚನೆ ಕೇಳಿಸುವುದಿಲ್ಲ, ನಿಮಗಿಂತ ಮೊದಲು ಎಷ್ಟು ಜನ ಅದನ್ನು ಬಾಯಿಗಿಟ್ಟಿದ್ದರೋ.

ನೀರಿಗೆ ಹಾರುವುದು ಎಲ್ಲ ದಾರಿ ಮುಚ್ಚಿದ ಮೇಲಿನ ಮಾತು. ಆಗ ಒಂದು ಕೈಯಿಂದ ಮೂಗು ಬಾಯಿ ಮುಚ್ಚಿ, ಇನ್ನೊಂದರಿಂದ ಜಾಕೆಟ್ ಅನ್ನು ಕೆಳಕ್ಕೆ ಒತ್ತಿ ಹಿಡಿದು, ಕಾಲು ಜೋಡಿಸಿ, ನೇರ ನೋಡುತ್ತ ಹೆಜ್ಜೆ ಇಡಬೇಕು.

ಮೊಬೈಲಿಗೆ ಬಂದ ಡ್ರಿಲ್

2020ರ ನಂತರ ಹಲವು ದೊಡ್ಡ ಕಂಪನಿಗಳಲ್ಲಿ ಡ್ರಿಲ್‌ನ ರೂಪ ಬದಲಾಗಿದೆ. ಎಲ್ಲರನ್ನೂ ಒಟ್ಟಿಗೆ ನಿಲ್ಲಿಸುವ ಬದಲು, ಆ್ಯಪ್‌ನಲ್ಲಿ ಅಥವಾ ಕ್ಯಾಬಿನ್ ಟಿವಿಯಲ್ಲಿ ವಿಡಿಯೊ ನೋಡಿ, ಸಂಕೇತದ ಶಬ್ದ ಕೇಳಿ, ಆಮೇಲೆ ನಿಮ್ಮ ಹೊತ್ತಿಗೆ ನೀವು ಸ್ಟೇಷನ್ನಿಗೆ ಹೋಗಿ ಕಾರ್ಡ್ ಸ್ಕ್ಯಾನ್ ಮಾಡಿಸಬೇಕು. ಗುಂಪು, ಬಿಸಿಲು, ಕಾಯುವ ಬೇಸರ ತಪ್ಪಿದ್ದು ನಿಜ. ಆದರೆ ಇದರಲ್ಲಿ ಒಂದು ನಷ್ಟವಿದೆ. ಸಾವಿರ ಜನ ಒಟ್ಟಿಗೆ ಮೆಟ್ಟಿಲಿಳಿದರೆ ಹೇಗಿರುತ್ತದೆ ಎಂಬ ಅನುಭವ ಹೊಸಬರಿಗೆ ಈಗ ಸಿಗುವುದಿಲ್ಲ. ವಿಡಿಯೊವನ್ನು ಮೂಲೆಯಲ್ಲಿ ಓಡಲು ಬಿಟ್ಟು, ಲಿಫ್ಟ್‌ನಲ್ಲಿ ಹೋಗಿ, ಸ್ಕ್ಯಾನ್ ಮಾಡಿಸಿ ಬಂದವರಿಗೆ ಕಾಗದದ ಮೇಲೆ ಹಾಜರಿ ಆಯಿತು, ಕಾಲಿಗೆ ದಾರಿ ಗೊತ್ತಾಗಲಿಲ್ಲ. ಸ್ಕ್ಯಾನ್ ಆದ ಮೇಲೆ ಅಲ್ಲಿಂದ ಕ್ಯಾಬಿನ್ನಿನವರೆಗೆ ಮೆಟ್ಟಿಲು ಹತ್ತಿಯೇ ವಾಪಸಾಗಿ, ಮನೆಮಂದಿಯನ್ನೂ ಜತೆಗೆ ಕರೆದೊಯ್ಯಿರಿ. ತಪ್ಪಿಸಿಕೊಂಡವರನ್ನು ಹೆಸರು ಹಿಡಿದು ಕರೆಯುತ್ತಾರೆ; ಹಟ ಹಿಡಿದರೆ ದಡಕ್ಕಿಳಿಸುವ ಅಧಿಕಾರ ಕ್ಯಾಪ್ಟನ್‌ಗೆ ಇದೆ.

ಸ್ಟೇಷನ್ನಿನಲ್ಲಿ ನಿಮ್ಮನ್ನು ಎಣಿಸುವವರು ಯಾರು? ಬೆಳಿಗ್ಗೆ ನಿಮಗೆ ಕಾಫಿ ಕೊಟ್ಟ ಹುಡುಗ, ಅಂಗಡಿಯಲ್ಲಿ ಬಿಲ್ ಮಾಡಿದ ಹುಡುಗಿ. ಮಂಗಳೂರು, ಉಡುಪಿ, ಕಾರವಾರದ ಕಡೆಯ ಎಷ್ಟೋ ಮಂದಿ ಈ ಹಡಗುಗಳಲ್ಲಿ ದುಡಿಯುತ್ತಾರೆ. ಹಡಗಿನ ಪ್ರತಿಯೊಬ್ಬ ಸಿಬ್ಬಂದಿಗೂ ದಿನದ ಕೆಲಸದ ಜತೆ ಒಂದು ತುರ್ತು ಕೆಲಸ ಇರುತ್ತದೆ, ವಾರಕ್ಕೊಮ್ಮೆ ಅದರ ತಾಲೀಮೂ ನಡೆಯುತ್ತದೆ. ಡ್ರಿಲ್‌ನಲ್ಲಿ ಅವರು ಮಾತಾಡುವಾಗ ವಿಡಿಯೊ ಕಾಲ್ ಮಾಡುವುದು, ಗ್ಲಾಸ್ ಹಿಡಿದು ಬರುವುದು ಅವರಿಗೂ ಅವಮಾನ, ಹಿಂದೆ ನಿಂತು ಕೇಳಿಸದೆ ಒದ್ದಾಡುವವರಿಗೂ ತೊಂದರೆ.

ದೋಣಿ ಇಳಿಯದೆಯೂ ಮಸ್ಟರ್ ಎಷ್ಟು ಹೊತ್ತು ನಡೆಯಬಹುದು ಎಂಬುದಕ್ಕೆ ‘ವೈಕಿಂಗ್ ಸ್ಕೈ’ ಸಾಕ್ಷಿ. 2019ರ ಮಾರ್ಚ್ 23ರಂದು ನಾರ್ವೆಯ ಹುಸ್ಟಾಡ್ವಿಕಾ ಎಂಬ ಕಲ್ಲುಬಂಡೆಗಳ ಕರಾವಳಿಯಲ್ಲಿ, ಬಿರುಗಾಳಿಯ ನಡುವೆ ಅದರ ಎಂಜಿನ್‌ಗಳು ನಿಂತುಹೋದವು. ಟ್ಯಾಂಕ್‌ಗಳಲ್ಲಿ ಲೂಬ್ರಿಕೇಟಿಂಗ್ ಆಯಿಲ್ ಕಡಿಮೆಯಿತ್ತು, ಹಡಗು ಹೊಯ್ದಾಡಿದಾಗ ಪಂಪ್‌ಗೆ ಎಣ್ಣೆ ಸಿಗಲಿಲ್ಲ. 1,373 ಜನ ಜಾಕೆಟ್ ತೊಟ್ಟು ಕಾದರು. ಕುರ್ಚಿ ಮೇಜುಗಳು ಜಾರಿ ಬಡಿದವು, ಚಾವಣಿಯ ಹಲಗೆಗಳು ಉದುರಿದವು, ಜನ ಸೇರಿದ್ದ ಕಡೆಗೇ ಸಮುದ್ರದ ನೀರು ನುಗ್ಗಿತು. ಆ ಅಲೆಗಳಲ್ಲಿ ದೋಣಿ ಇಳಿಸುವಂತಿರಲಿಲ್ಲ. 479 ಜನರನ್ನು ಹೆಲಿಕಾಪ್ಟರ್‌ಗಳು ಒಬ್ಬೊಬ್ಬರನ್ನಾಗಿ ಎತ್ತಿದವು, ಉಳಿದವರನ್ನು ಹಡಗೇ ಮರುದಿನ ಮೋಲ್ಡೆ ಬಂದರಿಗೆ ಮುಟ್ಟಿಸಿತು. ಯಾರೂ ಸಾಯಲಿಲ್ಲ. ಇಂಥ ಕಾಯುವಿಕೆಗೆ ಬೇಕಾದವು: ಮುಚ್ಚಿದ ಚಪ್ಪಲಿ ಅಥವಾ ಶೂ, ಬೆಚ್ಚನೆಯ ಬಟ್ಟೆ, ಕನ್ನಡಕ, ದಿನದ ಔಷಧಿ. ರಾತ್ರಿ ಮಲಗುವಾಗ ಇವಿಷ್ಟನ್ನು ಒಂದೇ ಕಡೆ ಇಟ್ಟುಕೊಂಡರೆ ಹುಡುಕುವ ಹೊತ್ತು ಉಳಿಯುತ್ತದೆ.

ಸ್ಟೇಷನ್ನಿಗೆ ಬ್ಯಾಗ್ ಮಾತ್ರ ತರಬೇಡಿ; ಯಾಕೆ ಎನ್ನುವುದಕ್ಕೆ ದೋಣಿಯ ಲೆಕ್ಕವೇ ಉತ್ತರ. ಪ್ರಯಾಣಿಕ ಹಡಗಿನ ಲೈಫ್‌ಬೋಟ್‌ನಲ್ಲಿ ಒಬ್ಬರಿಗೆ 75 ಕಿಲೋ ತೂಕ, 43 ಸೆಂಟಿಮೀಟರ್ ಅಗಲದ ಜಾಗ ಎಂದು ಹಿಡಿದಿರುತ್ತಾರೆ. ಸಾಮಾನ್ಯ ಮಿತಿ ಒಂದು ದೋಣಿಗೆ 150 ಜನ. ತಲೆಗೆ 3 ಲೀಟರ್ ನೀರು, ಒಣ ಆಹಾರ, ವಾಂತಿ ತಡೆಯುವ ಗುಳಿಗೆ ಒಳಗೇ ಇರುತ್ತವೆ. ಗುಳಿಗೆಯನ್ನು ಕೊಟ್ಟ ಕೂಡಲೇ ನುಂಗಿ. ಮುಚ್ಚಿದ ದೋಣಿಯಲ್ಲಿ ಒಬ್ಬರು ಶುರು ಮಾಡಿದರೆ ಸಾಲಾಗಿ ಎಲ್ಲರಿಗೂ ಬರುತ್ತದೆ, ಮೈಯ ನೀರು ಹೋಗುತ್ತದೆ.

ಶಿಷ್ಟಾಚಾರ ಎನ್ನುವ ಸುರಕ್ಷತೆ

ಹಡಗಿನ ರೀತಿರಿವಾಜುಗಳಲ್ಲಿ ಬಹುಪಾಲು ಯಾವುದೋ ಅವಘಡದಿಂದ ಹುಟ್ಟಿದವು. 2006ರ ಮಾರ್ಚ್ 23ರ ನಸುಕಿನ ಮೂರರ ಹೊತ್ತಿಗೆ ಜಮೈಕಾದತ್ತ ಸಾಗುತ್ತಿದ್ದ ‘ಸ್ಟಾರ್ ಪ್ರಿನ್ಸೆಸ್’ನ ಬಾಲ್ಕನಿಯೊಂದರಲ್ಲಿ ಬೆಂಕಿ ಹತ್ತಿತು. ಯಾರೋ ಎಸೆದ ಸಿಗರೇಟಿನ ತುಂಡೇ ಕಾರಣವಿರಬೇಕು ಎಂದು ತನಿಖೆ ಹೇಳಿತು. ಬಾಲ್ಕನಿಗಳ ನಡುವಿನ ಪ್ಲಾಸ್ಟಿಕ್ ಅಡ್ಡಗೋಡೆಗಳು ಉರಿದು, ಬೆಂಕಿ ಡೆಕ್ಕಿನಿಂದ ಡೆಕ್ಕಿಗೆ ಏರಿತು. ಹೊಗೆ ಕುಡಿದು ಒಬ್ಬ ಪ್ರಯಾಣಿಕರು ತೀರಿಕೊಂಡರು. ರೇಲಿಂಗಿನಾಚೆ ಎಸೆದ ತುಂಡು ಸಮುದ್ರಕ್ಕೇ ಬೀಳುತ್ತದೆ ಎಂದೇನಿಲ್ಲ. ಗಾಳಿ ಅದನ್ನು ಕೆಳಗಿನ ಬಾಲ್ಕನಿಯ ಟವೆಲ್ ಮೇಲೆ ತಂದಿಡುತ್ತದೆ.

ನಮ್ಮವರು ಎಡವುವುದು ಇನ್ನೊಂದು ಕಡೆ. ಪ್ರಯಾಣಕ್ಕೆಂದು ಎಲೆಕ್ಟ್ರಿಕ್ ಕೆಟಲ್, ನೀರು ಕಾಯಿಸುವ ಕಾಯಿಲ್, ಪುಟ್ಟ ರೈಸ್ ಕುಕ್ಕರ್, ಇಸ್ತ್ರಿ ಪೆಟ್ಟಿಗೆ, ಬೆಳಗಿನ ಪೂಜೆಗೆ ಊದುಬತ್ತಿ, ದೀಪ ತುಂಬಿಕೊಳ್ಳುತ್ತಾರೆ. ಹತ್ತುವಾಗಲೇ ತಪಾಸಣೆಯಲ್ಲಿ ಇವನ್ನು ತೆಗೆದಿಟ್ಟುಕೊಳ್ಳುತ್ತಾರೆ, ವಾದಿಸಿ ಪ್ರಯೋಜನವಿಲ್ಲ. ದೇವರ ಫೋಟೊ, ಹೂವು, ಕುಂಕುಮಕ್ಕೆ ಯಾರ ಅಡ್ಡಿಯೂ ಇಲ್ಲ. ಉರಿ ಮಾತ್ರ ಕೂಡದು. ವಿದ್ಯುತ್ತಿನ ದಿಢೀರ್ ಏರಿಕೆ ತಡೆಯುವ ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬೋರ್ಡ್ ಯಾಕೆ ಬೇಡ ಎಂದು ಎಂಜಿನಿಯರುಗಳೂ ಕೇಳುವುದುಂಟು. ಮನೆಯ ವಯರಿಂಗ್‌ನಲ್ಲಿ ನ್ಯೂಟ್ರಲ್ ಭೂಮಿಗೆ ಜೋಡಿಸಿರುತ್ತದೆ. ಹಡಗಿನಲ್ಲಿ ಸಾಮಾನ್ಯವಾಗಿ ಎರಡೂ ತಂತಿಗಳಲ್ಲಿ ವಿದ್ಯುತ್ ಇರುತ್ತದೆ. ಆ ಬೋರ್ಡ್ ಒಂದು ತಂತಿಯನ್ನಷ್ಟೇ ಕಡಿಯುವುದಾದರೆ ಇನ್ನೊಂದು ಜೀವಂತವಾಗಿಯೇ ಉಳಿದು, ಕಾದು ಉರಿಯಬಹುದು.

ರೇಲಿಂಗ್ ಮೇಲೆ ಕೂರುವುದು, ಮಗುವನ್ನು ಎತ್ತಿ ಕೂರಿಸಿ ಫೋಟೊ ತೆಗೆಯುವುದು ಯಾವ ಕಾರಣಕ್ಕೂ ಬೇಡ. 20 ನಾಟ್ (ಗಂಟೆಗೆ ಸುಮಾರು 37 ಕಿಲೋಮೀಟರ್) ವೇಗದ ಹಡಗು ಒಂದು ನಿಮಿಷಕ್ಕೆ 600 ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ, ಅಲೆಗಳ ನಡುವೆ ತಲೆಯೊಂದು ತೆಂಗಿನಕಾಯಿಯಷ್ಟೂ ಕಾಣುವುದಿಲ್ಲ. ಯಾರಾದರೂ ಬಿದ್ದದ್ದು ಕಂಡರೆ ಕೂಗಿ, ಹತ್ತಿರದ ತೇಲುವ ಬಳೆಯನ್ನು (ಲೈಫ್‌ಬಾಯ್) ಎಸೆಯಿರಿ, ಬೇರೆಯವರನ್ನು ಸಿಬ್ಬಂದಿಯ ಬಳಿ ಓಡಿಸಿ. ನೀವು ಮಾತ್ರ ಅಲ್ಲೇ ನಿಂತು, ಬಿದ್ದವರ ಕಡೆ ಬೆರಳು ತೋರುತ್ತ, ಕಣ್ಣು ಕೀಳದೆ ನೋಡುತ್ತಿರಿ. ಒಮ್ಮೆ ದೃಷ್ಟಿ ತಪ್ಪಿದರೆ ಮತ್ತೆ ಸಿಗುವುದು ಬಹಳ ಕಷ್ಟ.

ಬುಫೆ ಬಾಗಿಲಲ್ಲಿ ಕೈ ತೊಳೆಯಲು ಹೇಳಿದರೆ ಸೋಪು ನೀರಿನಿಂದ 20 ಸೆಕೆಂಡ್ ತೊಳೆಯಿರಿ. ವಾಂತಿಭೇದಿ ತರುವ ನೊರೊವೈರಸ್‌ಗೆ ಸ್ಯಾನಿಟೈಸರ್ ಅಷ್ಟಾಗಿ ಬಗ್ಗುವುದಿಲ್ಲ. ಹೊಟ್ಟೆ ಕೆಟ್ಟರೆ ಕ್ಯಾಬಿನ್ನಿನಲ್ಲಿ ಇರಿಸಿಬಿಡುತ್ತಾರೆ ಎಂದು ಮುಚ್ಚಿಡುವವರೇ ಎಲ್ಲರಿಗೂ ಹಂಚುವವರು. ಹಡಗಿನ ವೈದ್ಯರಿಗೆ ಮೊದಲ ದಿನವೇ ತಿಳಿದರೆ ಆ ಕೋಣೆ, ಆ ಮೇಜು, ಆ ಸೌಟುಗಳನ್ನು ಶುದ್ಧ ಮಾಡಿ ತಡೆಯಬಹುದು.

ಬಂದರಿನಲ್ಲಿ ಇಳಿಯುವಾಗ, ಹತ್ತುವಾಗ ಕಾರ್ಡ್ ತಾಗಿಸುವುದೂ ಎಣಿಕೆಯೇ. ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ವಿದೇಶಿ ಹಡಗುಗಳ ಪ್ರಯಾಣಿಕರು ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿ ಸಂಜೆಗೆ ಮರಳುವಾಗ, ಯಾರು ಒಳಗೆ, ಯಾರು ದಡದಲ್ಲಿ ಎಂದು ಹಡಗಿಗೆ ಆ ಕಾರ್ಡಿನಿಂದಲೇ ಗೊತ್ತಾಗುವುದು. ಅದಕ್ಕೇ ಗಂಡನ ಕಾರ್ಡಿನಲ್ಲಿ ಹೆಂಡತಿ, ಅಣ್ಣನದರಲ್ಲಿ ತಮ್ಮ ಓಡಾಡಬಾರದು. ಗಡಿಯಾರ ‘ಹಡಗಿನ ಸಮಯ’ಕ್ಕೆ ಹೊಂದಿಸಿಕೊಳ್ಳಿ, ದೇಶ ಬದಲಾದಾಗ ಫೋನ್ ತಾನಾಗಿ ಬೇರೆ ಗಂಟೆ ತೋರಿಸಿ ಮೋಸ ಮಾಡುತ್ತದೆ. ನೀರು ಆಳವಿಲ್ಲದ ಕಡೆ ಹಡಗು ದೂರ ನಿಂತು ಚಿಕ್ಕ ಟೆಂಡರ್ ದೋಣಿಯಲ್ಲಿ ಒಯ್ಯುತ್ತಾರೆ. ಹಲವು ಹಡಗುಗಳಲ್ಲಿ ಲೈಫ್‌ಬೋಟ್‌ಗಳನ್ನೇ ಇದಕ್ಕೆ ಬಳಸುತ್ತಾರೆ, ಒಳಗೆ ಹೇಗಿದೆ ಎಂದು ನೋಡಿಕೊಳ್ಳಲು ಒಳ್ಳೆಯ ಅವಕಾಶ. ಫೋನ್ ಜೇಬಿಗಿಟ್ಟು, ಎರಡೂ ಕೈ ಖಾಲಿ ಮಾಡಿ, ಸಿಬ್ಬಂದಿ ಹೇಳಿದ ಮೇಲೆ, ಅವರ ಮುಂಗೈ ಹಿಡಿದು ಹೆಜ್ಜೆ ಇಡಿ. ಅಲೆಗೆ ದೋಣಿ ಏರುತ್ತ ಇಳಿಯುತ್ತ ಇರುವಾಗ ನಡುವಿನ ಸಂದಿಗೆ ಕಾಲು ಹೋದರೆ ಮೂಳೆ ಮುರಿಯುತ್ತದೆ.

ಕೊನೆಯ ಬೆಳಿಗ್ಗೆ ಇಳಿಯುವಾಗಲೂ ಅದೇ ಕಾರ್ಡ್. ಅಮೆರಿಕದ ಬಂದರುಗಳಲ್ಲಿ ಹಳೆಯ ಪ್ರಯಾಣಿಕರ ಎಣಿಕೆ ಸೊನ್ನೆಗೆ ಬರುವವರೆಗೆ ಹೊಸಬರನ್ನು ಹತ್ತಿಸುವುದಿಲ್ಲ. ತಿಂಡಿ ಮುಗಿಸಿ ಎಲ್ಲೋ ಕುರ್ಚಿಯಲ್ಲಿ ತೂಕಡಿಸುತ್ತಿರುವ ಒಬ್ಬರ ಹೆಸರನ್ನು ಮತ್ತೆ ಮತ್ತೆ ಕೂಗುತ್ತಿರುತ್ತಾರೆ, ದಡದಲ್ಲಿ ಸಾವಿರಾರು ಜನ ಸೂಟ್‌ಕೇಸ್ ಹಿಡಿದು ಆ ಸೊನ್ನೆಗಾಗಿ ನಿಂತಿರುತ್ತಾರೆ.